ತಲೆ ಇಲ್ಲದ ಹಂಸಗಳು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ನಲ್ಲಿಯಲ್ಲಿ ನೀರು ಬರುವ ದಿನವಾದ್ದರಿಂದ ಹಿತ್ತಲಿನ ಡ್ರಮ್ಮುಗಳನ್ನು ತುಂಬಿಸಿದೆ. ನಮ್ಮ ಮನೆಯವರಿಗೆ ಇಡ್ಲಿ ಕೊಟ್ಟೆ. ಹೊಸ ಸೀರೆಗೆ ಬೇಕಾಗುವ ಕಂಡಿಕೆಗಳಿಗೆ ರೇಷ್ಮೆ ಸುತ್ತಿಟ್ಟೆ. ನಿನ್ನೆ ಮಗ್ಗದಿಂದ ಇಳಿದ ಸೀರೆಯನ್ನು ಮಡಿಸಿ, ಹಳೆಯ ಪಂಚೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟು, ನೂಲು ಕೊಟ್ಟು ಸೀರೆ ನೇಯಿಸುವ ಯಜಮಾನರ ಅಂಗಡಿಗೆ ಕಳಿಸಿದೆ. ಆಮೇಲೆ ಕಂಪ್ಯೂಟರ್ ಹಾಕಿ ಮುಂದಿನ ಸೀರೆಯ ಡಿಸೈನನ್ನು ಇಳಿಸಿಕೊಂಡೆ.

ಈ ಕೊನೆಯ ಕೆಲಸಕ್ಕೆಂದು ನಾನು ಬೆಳಗಿನ ಒಂದು ದೊಡ್ಡ ಭಾಗವನ್ನೇ ಎತ್ತಿಟ್ಟಿದ್ದೆ. ಅದು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಯಿತು. ಬಾಣದ ಗುರುತನ್ನು ಒತ್ತಿದೆ, ಗೆರೆ ಸರ್‍ರನೆ ಓಡಿತು, ಚಿತ್ರ ತೆರೆದು ನೋಡಿದರೆ ಹಕ್ಕಿ ಕಾಲಿಂದ ಕೊಕ್ಕಿನವರೆಗೆ ಪೂರ್ತಿ ಬಂದಿದೆ. ಮೂಲೆಯಲ್ಲಿ ಒಂದು ಸಣ್ಣ ಚೀಟಿ ಕಾಣಿಸಿತು. ರಾತ್ರಿ ಬ್ರೌಸರು ತನ್ನಷ್ಟಕ್ಕೆ ತಾನೇ ಹೊಸದಾಗಿದೆಯಂತೆ, ಕಡತ ಇಳಿಸುವಾಗ ಬರುತ್ತಿದ್ದ ತೊಂದರೆಗಳನ್ನು ಸರಿ ಮಾಡಿದ್ದಾರಂತೆ. ಯಾರೋ, ಎಲ್ಲೋ ಕೂತು ಮಾಡಿದ ಒಳ್ಳೆಯ ಕೆಲಸ. ಅವರಿಗೆ ಪುಣ್ಯ ಬರಲಿ. ನಾನು ಮಾತ್ರ ಫೋನನ್ನು ಕೈಯಲ್ಲಿ ಹಿಡಿದುಕೊಂಡು, ಏನು ಹೇಳಬೇಕೆಂದು ತೋಚದೆ ಕೂತೆ.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಬಿಡುವಿದೆ ಅಂದುಕೊಂಡಿದ್ದೇನೆ. ತಮಿಳುನಾಡಿನ ಈ ಬೀದಿಯಲ್ಲಿ ಮನೆಮನೆಯಲ್ಲೂ ಕನ್ನಡ ಮಾತಾಡುತ್ತಾರೆ, ಆದರೆ ಬರೆದ ಕನ್ನಡವನ್ನು ಓದುವವರು ಯಾರೂ ಇಲ್ಲ. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು, ಅಕ್ಷರವನ್ನು ಬಟ್ಟೆಯ ಜೊತೆಗೇ ಪೆಟ್ಟಿಗೆಯಲ್ಲಿ ತಂದೆ. ಇಲ್ಲಿ ಅದನ್ನು ಬಿಚ್ಚಿ ತೋರಿಸಲು ನೀವಲ್ಲದೆ ಬೇರೆ ಗತಿಯಿಲ್ಲ.

ನಮ್ಮದು ಸಿರುಮುಗೈ. ಮೆಟ್ಟುಪಾಳ್ಯದಿಂದ ಸ್ವಲ್ಪ ದೂರ. ಮನೆಯೆಂದರೆ ಮುಂದೆ ಒಂದು ಜಗಲಿ, ನಡುವೆ ಮಗ್ಗದ ಕೋಣೆ, ಹಿಂದೆ ಅಡಿಗೆಮನೆ. ನಾನು ಬಂದ ಹೊಸತರಲ್ಲಿ ಆ ಕೋಣೆಯಲ್ಲಿ ಎರಡು ಗುಂಡಿ ಮಗ್ಗಗಳಿದ್ದವು. ಒಂದರಲ್ಲಿ ನಮ್ಮ ಮನೆಯವರು, ಇನ್ನೊಂದರಲ್ಲಿ ಅವರ ಅಣ್ಣ, ಅಂದರೆ ನನ್ನ ಬಾವ. ಬಾವನ ಹೆಂಡತಿ ರಾಜಾಮಣಿ. ಅವಳನ್ನು ನಾನು ಅಕ್ಕ ಅಂತಲೇ ಕರೆದದ್ದು, ಈಗಲೂ ಹಾಗೇ.

ಆಗ ಸೀರೆಯ ಹೂಬಳ್ಳಿಗೆಲ್ಲ ರಟ್ಟಿನ ಕಾರ್ಡುಗಳು. ತೂತು ಹೊಡೆದ ಕಾರ್ಡುಗಳನ್ನು ಒಂದರ ಹಿಂದೊಂದು ದಾರದಲ್ಲಿ ಹೊಲಿದು, ಮಾಲೆ ಮಾಡಿ, ಮಗ್ಗದ ನೆತ್ತಿಯ ಮೇಲೆ ತೂಗುಹಾಕಬೇಕು. ಆ ಹೊಲಿಗೆ ಹೆಂಗಸರ ಪಾಲಿನದು. ನಾನೂ ರಾಜಾಮಣಿ ಅಕ್ಕನೂ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಕಾರ್ಡುಗಳನ್ನು ತೊಡೆಯ ಮೇಲೆ ಹರಡಿಕೊಂಡು ಮಧ್ಯಾಹ್ನಗಳನ್ನೇ ಹೊಲಿದೆವು. ಎರಡು ಮಗ್ಗಗಳ ಸದ್ದಿನ ನಡುವೆ ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿ ತರಬೇಕು. ಹಾಗಾಗಿ ನಾವು ಆಡಿದ್ದೆಲ್ಲ, ಇವತ್ತು ಸೊಪ್ಪು ಯಾವುದು ಅನ್ನುವುದು ಕೂಡ, ಗುಟ್ಟಿನ ಮಾತಿನ ಹಾಗೆ ಆಗಿಬಿಡುತ್ತಿತ್ತು. ನನ್ನ ಕನ್ನಡ ಕೇಳಿ ಅವಳು ನಗುತ್ತಿದ್ದಳು. "ಏನ್ ಕಣ್ಣು, ರೇಡಿಯೋದಲ್ಲಿ ವಾರ್ತೆ ಓದ್ದಂಗೆ ಪೇಸ್ತೀಯ!" ಅನ್ನುವಳು. ಕಣ್ಣು ಅನ್ನುವುದು ಇಲ್ಲಿ ಮುದ್ದಿನ ಕರೆ, ಪೇಸುವುದು ಅಂದರೆ ಮಾತಾಡುವುದು. ನಾನು, "ನೀನು ಅರ್ಧ ತಮಿಳು ಪೇಸಿ ಅರ್ಧ ನುಂಗ್ತೀಯಲ್ಲ, ಅದಕ್ಕಿಂತ ವಾಸಿ" ಅನ್ನುವೆ.

ಆಮೇಲೆ ಬಾವ ಮಗ್ಗ ಬಿಟ್ಟರು. ಮಂಡಿ ಸವೆದಿತ್ತು, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಲು ಆಗುತ್ತಿರಲಿಲ್ಲ. ತಿರುಪ್ಪೂರಿನ ಒಂದು ಬನಿಯನ್ ಕಂಪೆನಿಯಲ್ಲಿ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು. ಸಂಸಾರ ಎತ್ತಿಕೊಂಡು ಹೋದರು. ಜಗಳವಿಲ್ಲ, ಪಾಲಿನ ಮಾತಿಲ್ಲ, ಏನೂ ಇಲ್ಲ. ಆದರೆ ಅಲ್ಲಿಂದ ಆಚೆಗೆ ಬಾವ ಈ ಮನೆಗೆ ಬರಲಿಲ್ಲ. ಮೊದಲು ಕೆಲಸ ಅಂದರು, ಆಮೇಲೆ ಬಿಸಿಲು ಅಂದರು. ಒಂದು ಸಲ ಅಕ್ಕನೇ ಬಾಯಿಬಿಟ್ಟಳು: "ತರಿ ಸದ್ದು ಕೇಳಿದ್ರೆ ಅವರ ಕಾಲು ತಾನಾಗಿ ಆಡುತ್ತೆ ಕಣ್ಣು. ಬಸ್ಸಲ್ಲಿ ಕೂತಿದ್ರೂ ಆಡುತ್ತೆ. ಅಲ್ಲಿಗೆ ಬಂದು ಹೆಂಗ್ ತಾಂಗ್ತಾರೆ?" ಇಲ್ಲಿ ಮಗ್ಗಕ್ಕೆ ತರಿ ಅನ್ನುತ್ತಾರೆ, ತಾಳಿಕೊಳ್ಳುವುದಕ್ಕೆ ತಾಂಗುವುದು. ಗಂಡ ಬರದ ಮನೆಗೆ ಹೆಂಡತಿ ಒಬ್ಬಳೇ ಬರುವುದು ಹೇಗೆ ಅಂತ ಅವಳೂ ನಿಂತಳು. ನಾವು ಹೋಗಬಹುದಿತ್ತು, ಮಗ್ಗ ನಿಲ್ಲಿಸಿ ಯಾರು ಹೋಗುತ್ತಾರೆ? ನಡುವೆ ಇರುವುದು ಎರಡು ಬಸ್ಸಿನ ದಾರಿ, ಅಷ್ಟೆ. ನಗಬೇಡಿ, ಎರಡೇ ಬಸ್ಸು.

ಫೋನಿದೆಯಲ್ಲ ಅನ್ನುತ್ತೀರಿ. ನಮ್ಮ ಬೀದಿಯವರ ಫೋನಿನ ಪದ್ಧತಿ ನಿಮಗೆ ಗೊತ್ತಿಲ್ಲ. ಇಲ್ಲಿ ಕಾರಣವಿಲ್ಲದೆ ನೆಂಟರಿಗೆ ಯಾರೂ ಫೋನ್ ಮಾಡುವುದಿಲ್ಲ. ಮದುವೆ, ನಾಮಕರಣ, ನೂಲಿನ ವ್ಯವಹಾರ, ಸಾವು. ಅದರಲ್ಲೂ ಸಾವಿನ ಫೋನು ಬೇರೆ ಥರ. ಯಾರೂ ನೇರವಾಗಿ ಹೇಳುವುದಿಲ್ಲ, ದಾರಿಯಲ್ಲಿ ಎದೆ ಒಡೆದುಕೊಂಡಾರು ಅಂತ. "ಏನೂ ಇಲ್ಲ, ಸುಮ್ನೆ ಮಾಡ್ದೆ, ಒಂದ್ಸಲ ಬಂದು ಹೋಗಿ" ಅನ್ನುತ್ತಾರೆ. ಕೇಳಿದವರು ಅರ್ಥ ಮಾಡಿಕೊಂಡು ಬಸ್ಸು ಹತ್ತುತ್ತಾರೆ. ಹೀಗಾಗಿ ಒಳ್ಳೆಯ ಸುದ್ದಿಗೆ ಫೋನ್ ಮಾಡುವವರು ಕೂಡ ಮೊದಲು ಸುದ್ದಿ, ಆಮೇಲೆ ನಮಸ್ಕಾರ.

ಅಕ್ಕ ತಿರುಪ್ಪೂರಿನಲ್ಲಿ ಸುಮ್ಮನೆ ಕೂರಲಿಲ್ಲ. ಮೊದಲಿಂದಲೂ ಚೌಕುಳಿ ಹಾಳೆಯ ಮೇಲೆ ಮಾವು, ನವಿಲು ಬರೆಯುವ ಕೈ ಅವಳದು. ಕಂಪ್ಯೂಟರಿನಲ್ಲಿ ಬರೆಯುವುದನ್ನೂ ಕಲಿತಳು. ಅಷ್ಟರಲ್ಲಿ ನಮ್ಮ ಮಗ್ಗಕ್ಕೂ ಕಾರ್ಡಿನ ಮಾಲೆ ಹೋಗಿ, ಚಿತ್ರವನ್ನು ಪೆನ್‌ಡ್ರೈವಿನಿಂದ ತಾನೇ ಓದಿಕೊಳ್ಳುವ ಪೆಟ್ಟಿಗೆ ಬಂತು. ಯಜಮಾನರಿಗೆ ಅಕ್ಕನ ಡಿಸೈನುಗಳು ಹಿಡಿಸಿದವು. ಅವಳು ಅಲ್ಲಿ ಬರೆಯುವುದು, ಇಲ್ಲಿ ನಮ್ಮವರು ನೇಯುವುದು. ವಾಟ್ಸಾಪಿನಲ್ಲಿ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ, ಚೌಕಗಳೆಲ್ಲ ಕದಡಿಹೋಗುತ್ತವೆ. ಅದಕ್ಕೆ ಅವಳು ಒಂದು ಕೊಂಡಿ ಕಳಿಸುತ್ತಾಳೆ, ನಾನು ಒತ್ತಿ ಬ್ರೌಸರಿನಲ್ಲಿ ಇಳಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವವಳು ನಾನೊಬ್ಬಳೇ. ನಮ್ಮವರಿಗೆ ಮೌಸ್ ಹಿಡಿದರೆ ಕೈ ನಡುಗುತ್ತದೆ, ಕೂದಲಿಗಿಂತ ಸಣ್ಣ ಎಳೆಯನ್ನು ಗಂಟು ಹಾಕುವ ಕೈ.

ನಾನು ಬಳಸುತ್ತಿದ್ದ ಬ್ರೌಸರಿನಲ್ಲಿ ಒಂದು ಕೀಟಲೆ ಇತ್ತು. ಹೆಸರು ಹೇಳುವುದಿಲ್ಲ, ಅದನ್ನೇ ನಂಬಿಕೊಂಡ ಮನೆಗಳು ಬೇಕಾದಷ್ಟಿರಬಹುದು. ನೆಟ್ಟು ಒಂದು ಗಳಿಗೆ ಮಿನುಗಿತೋ, ಇಳಿಯುತ್ತಿದ್ದ ಕಡತ ಅಲ್ಲಿಗೇ ಮುಗಿಯಿತು ಅಂದುಕೊಂಡುಬಿಡುತ್ತಿತ್ತು. ತಪ್ಪಾಯಿತು ಅಂತ ಹೇಳಿದ್ದರೆ ಪರವಾಗಿರಲಿಲ್ಲ. ಹಸಿರು ಗುರುತು ಹಾಕಿ, ಆಯಿತು ಅನ್ನುತ್ತಿತ್ತು. ಅದೂ ಈ ಚಿತ್ರಗಳು ಕಾಲಿನಿಂದ ತಲೆಯ ಕಡೆಗೆ ಇಳಿದು ಬರುವಂಥವು. ಕೆಳಗಿನ ಸಾಲು ಮೊದಲು, ಮೇಲಿನದು ಕೊನೆಗೆ. ಅರ್ಧಕ್ಕೆ ನಿಂತರೆ ಕಾಲು, ಹೊಟ್ಟೆ, ರೆಕ್ಕೆ ಇರುತ್ತವೆ. ಕತ್ತಿನಿಂದ ಮೇಲೆ ಬಯಲು.

ಮೊದಲ ಸಲ ನನಗೂ ಇದು ಗೊತ್ತಿರಲಿಲ್ಲ. ಹಸಿರು ಗುರುತು ನೋಡಿ ನಂಬಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ನಮ್ಮವರು ನೇಯ್ದರು. ಸೆರಗಿನ ತುಂಬ ಹಂಸಗಳ ಸಾಲು. ಕಾಲು ಬಂತು, ಮೈ ಬಂತು, ತಲೆ ಬರಲಿಲ್ಲ. ನೇಯುವಾಗ ಅವರಿಗೆ ಕಾಣಲಿಲ್ಲವೇ ಅಂತ ನೀವು ಕೇಳುತ್ತೀರಿ, ನಾನೂ ಕೇಳಿದೆ.

"ಕಂಡ್ತು" ಅಂದರು.

"ಮತ್ತೆ?"

"ಅತ್ತಿಗೆ ಬರೆದದ್ದಲ್ವಾ. ಈಗಿನ ಫ್ಯಾಶನ್ ಇರಬೇಕು ಅಂದ್ಕೊಂಡೆ."

ಅಣ್ಣನ ಹೆಂಡತಿ ಬರೆದ ಹಂಸಕ್ಕೆ ತಲೆ ಎಲ್ಲಿ ಎಂದು ಕೇಳುವುದು ಮರ್ಯಾದೆಯಲ್ಲ ಅಂತ, ಸೆರಗಿನುದ್ದಕ್ಕೂ ಜರಿ ಹಾಕಿ ನೇಯ್ದ ಮನುಷ್ಯ ಅವರು. ಫೋನಿನಲ್ಲಿ ಇದನ್ನು ಹೇಳಿದಾಗ ಅಕ್ಕ ನಕ್ಕು ನಕ್ಕು ಕೆಮ್ಮಿದಳು.

ನೇಯುವ ಮನೆಯ ಹೆಂಗಸರು ಉಡುವುದು ಹೆಚ್ಚಾಗಿ ಕೆಟ್ಟುಹೋದ ಸೀರೆಗಳನ್ನೇ. ಆ ಸೀರೆಯೂ ನನಗೇ ಬಂತು. ಕಾರಮಡೈಯಲ್ಲಿ ಒಂದು ಮದುವೆಗೆ ಉಟ್ಟುಕೊಂಡು ಹೋದೆ. ಪಕ್ಕದಲ್ಲಿ ಊಟಕ್ಕೆ ಕೂತ ಹೆಂಗಸು ಸೆರಗನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೇನ್ ಪುದು ಮಾಡೆಲಾ?" ಅಂದಳು, ಹೊಸದಾ ಅಂತ. ನಾನು ಅನ್ನ ಕಲಸುತ್ತಾ ತಲೆ ತಗ್ಗಿಸಿದೆ. ಅಕ್ಕನಿಗೆ ಹೇಳಿದರೆ, "ಥೂ, ನಿಂಗೆ ಹೇಳೋಕೆ ಬರಲಿಲ್ವಾ? ಹಂಸ ನೀರಲ್ಲಿ ತಲೆ ಮುಳುಗ್ಸಿ ಮೀನು ಹಿಡೀತಾ ಇದೆ ಅನ್ಬೇಕಾಗಿತ್ತು!" ಅಂದಳು.

ಹೀಗೆ ಶುರುವಾದದ್ದು ನಮ್ಮ ಫೋನು. ಈಗ ಕಾರಣವಿತ್ತು ನೋಡಿ. ಡಿಸೈನು ಬಂದ ದಿನ ನಾನು ಒಂದು ಸಲ ಇಳಿಸುವುದು, ತೆರೆದು ನೋಡುವುದು, ಅಕ್ಕನಿಗೆ ಮಾಡುವುದು.

"ಏನ್ ಕಣ್ಣು, ಇಳೀತಾ?"

"ಇಲ್ಲಕ್ಕ, ಅರ್ಧಕ್ಕೇ ನಿಂತೋಯ್ತು."

"ಹಾಳಾದ್ದು. ಇರು, ತಿರುಂಬ ಕಳಿಸ್ತೀನಿ. ಫೋನ್ ಇಡ್ಬೇಡ."

ಫೋನ್ ಇಡಬೇಡ ಅನ್ನುವ ಆ ಒಂದು ಮಾತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ ಅಂದರೆ ಅತಿಯಾಗುತ್ತದೆ. ಕಾಯುತ್ತಿದ್ದೆ. ಅವಳು ಆ ಕಡೆ ಮತ್ತೆ ಕಳಿಸುತ್ತಾ, ನಾನು ಈ ಕಡೆ ಗೆರೆ ಓಡುವುದನ್ನು ನೋಡುತ್ತಾ, ನಡುವೆ ಹೊಲಿಗೆಯ ಮಧ್ಯಾಹ್ನಗಳಲ್ಲಿ ಆಡುತ್ತಿದ್ದ ಮಾತನ್ನೇ ಆಡುತ್ತಿದ್ದೆವು. ಯಾರ ಮನೆಯಲ್ಲಿ ಹುಣಿಸೆ ಕುಟ್ಟಿದರು, ಯಾವ ಅಂಗಡಿಯ ಕಾಫಿಪುಡಿಯಲ್ಲಿ ಈಗ ರುಚಿಯಿಲ್ಲ, ಬಾವ ರಾತ್ರಿ ಊಟ ಕಡಿಮೆ ಮಾಡಿದ್ದಾರೆ. ನನ್ನ ಹಿಂದೆ ನಮ್ಮವರ ಮಗ್ಗ ಬಡಿಯುತ್ತಲೇ ಇರುತ್ತಿತ್ತು. ಅವಳು ಅದನ್ನು ಕೇಳಿಯೇ ಹೇಳುತ್ತಿದ್ದಳು: "ಇವತ್ತು ಮಾಣಿಕ್ಕ ಮೆಲ್ಲಗೆ ಹೊಡೀತಿದಾನೆ. ಬೆನ್ನು ನೋವಾ?" ಮಾಣಿಕ್ಕ ಅಂದರೆ ನಮ್ಮವರು.

ಇದಕ್ಕೆ ಕಲ್ಲು ಹಾಕಿದ್ದು ಅಕ್ಕನ ಮಗಳು ದೀಪಾ. ಕಾಲೇಜಿನ ಗೆಳತಿಯರ ಜೊತೆ ಊಟಿಗೆ ಹೋಗಿ ಬರುವಾಗ ಒಂದು ದಿನ ನಮ್ಮಲ್ಲಿ ಇಳಿದಿದ್ದಳು. ನಾನು ಕಂಪ್ಯೂಟರಿನ ಮುಂದೆ ಮಲ್ಲಾಡುವುದನ್ನು ನೋಡಿ ಅವಳ ಜೀವ ತಡೆಯಲಿಲ್ಲ.

"ಅಯ್ಯೋ ಚಿಕ್ಕಮ್ಮ, ಇನ್ನೂ ಇದನ್ನ ವೆಚ್ಚಿಕೊಂಡಿದೀರಾ? ಇದು ಬಗ್. ಎಲ್ಲಾರಿಗೂ ಗೊತ್ತು. ತಳ್ಳಿ ಆ ಕಡೆ."

ಎರಡು ಬೇರೆ ಬ್ರೌಸರುಗಳನ್ನು ಹಾಕಿಕೊಟ್ಟಳು. ಮೂರನ್ನೂ ಸಾಲಾಗಿ ತೆರೆದು, ಒಂದೇ ಡಿಸೈನನ್ನು ಮೂರರಲ್ಲೂ ಇಳಿಸಿ ನೋಡುವ ಪರೀಕ್ಷೆ ನಡೆಯಿತು. ನನಗೆ ಹೆಣ್ಣು ನೋಡುವ ಶಾಸ್ತ್ರ ನೆನಪಾಯಿತು. ನನ್ನ ಹಳೆಯದು, ಮದುವೆಮನೆಯಲ್ಲಿ ಓಡಾಡುವ ಒಬ್ಬ ಮಾವನ ಹಾಗೆ. ಯಾವ ಕೆಲಸ ಕೇಳಿದರೂ "ಆಯ್ತು, ಆಯ್ತು" ಅನ್ನುತ್ತಾನೆ. ಹೋಗಿ ನೋಡಿದರೆ ಬಾಳೆ ಎಲೆ ಅರ್ಧ ಬಂದಿರುತ್ತದೆ. ಎರಡನೆಯದು ಬಾಗಿಲಲ್ಲಿ ಕೂತ ಅಜ್ಜಿ. ಈ ಕಡತ ಯಾರದು, ಯಾವ ಊರಿನದು, ನಾನು ಇದನ್ನು ಮೊದಲು ನೋಡಿಲ್ಲ, ಇದರಿಂದ ಮನೆಗೆ ಕೇಡಾಗಬಹುದು. ಬೇಡ ಬೇಡ ಅಂದರೂ ಬಾಗಿಲಾಚೆ ನಿಲ್ಲಿಸಿ, ನಾವು ಆ ಕಡೆ ತಿರುಗಿದಾಗ ಅಳಿಸಿಯೂ ಹಾಕಿತು. ಮೂರನೆಯದನ್ನು ಏನೆನ್ನಲಿ. ನೆಟ್ಟು ಹೋದರೆ ಸುಮ್ಮನೆ ಕಾದು, ಬಂದಮೇಲೆ ಬಿಟ್ಟ ಕಡೆಯಿಂದ ಮುಂದುವರಿಸಿ, ಪೂರ್ತಿ ತಂದು ಇಟ್ಟಿತು. ಸದ್ದಿಲ್ಲ, ಸುಳ್ಳಿಲ್ಲ. ಒಳ್ಳೆಯ ಮನೆಯಿಂದ ಬಂದ ಸೊಸೆ.

"ನೋಡಿದ್ರಾ?" ಅಂದಳು ದೀಪಾ.

"ನೋಡ್ದೆ" ಅಂದೆ.

ಆ ಸೊಸೆಯ ಜೊತೆ ಸ್ವಲ್ಪ ಕಾಲ ಸಂಸಾರ ಮಾಡಿದೆ. ಡಿಸೈನು ಬರುತ್ತಿತ್ತು, ಇಳಿಯುತ್ತಿತ್ತು, ಮಗ್ಗಕ್ಕೆ ಹೋಗುತ್ತಿತ್ತು. ಬಂತು ಅಂತ ಅಕ್ಕನಿಗೆ ಒಂದು ಸಂದೇಶ ಕಳಿಸಿದರೆ ಅವಳು ಒಂದು ಹಳದಿ ಹೆಬ್ಬೆರಳು ಕಳಿಸುವಳು. ಅಷ್ಟು ದಿನಗಳ ನಮ್ಮ ಸಂಭಾಷಣೆಯೆಂದರೆ ಒಂದರ ಕೆಳಗೊಂದು ಹೆಬ್ಬೆರಳುಗಳ ಸಾಲು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮಗ್ಗದ ಸದ್ದು ಮೊದಲಿಗಿಂತ ಜೋರಾಗಿ ಕೇಳತೊಡಗಿತು. ಒಂದು ದಿನ ನನ್ನ ಕೈ ತಾನಾಗಿ ಹಳೆಯ ಬ್ರೌಸರಿಗೇ ಹೋಯಿತು. ಚಿತ್ರ ಎಂದಿನ ಹಾಗೆ ಕತ್ತಿನವರೆಗೆ ಬಂದು ನಿಂತಿತು. ನನಗಾದ ಸಮಾಧಾನವನ್ನು ಯಾರ ಹತ್ತಿರ ಹೇಳಲಿ?

"ಏನ್ ಕಣ್ಣು, ತಿರುಂಬ ನಿಂತೋಯ್ತಾ? ದೀಪಾ ಸರಿ ಮಾಡ್ದೆ ಅಂದ್ಳು?"

"ಸರಿ ಇತ್ತಕ್ಕ, ಈಗ ಯಾಕೋ ಹಿಂಗೆ."

"ಇರಲಿ ಬಿಡು. ಫೋನ್ ಇಡ್ಬೇಡ."

ನಮ್ಮವರು ಗುಂಡಿಯೊಳಗಿಂದಲೇ ಒಮ್ಮೆ ಕೇಳಿದರು, ಅದರಲ್ಲೇ ಯಾಕೆ ಒದ್ದಾಡ್ತೀಯ ಅಂತ. ಅಭ್ಯಾಸ ಅಂದೆ.

ಈಗ ಇವತ್ತಿಗೆ ಬನ್ನಿ. ಆ ಸುಳ್ಳು ಹೇಳುವ ಮಾವನೂ ತಿದ್ದಿಕೊಂಡಿದ್ದಾನೆ. ಮೂರು ಬ್ರೌಸರುಗಳಲ್ಲಿ ಒಂದೂ ನನ್ನ ಪರವಾಗಿಲ್ಲ. ನಮ್ಮವರು ಅಂಗಡಿಗೆ ಹೋಗಿದ್ದಾರೆ, ಮಗ್ಗ ಖಾಲಿ. ಸದ್ದಿಲ್ಲದ ಮಗ್ಗದ ಕೋಣೆಯನ್ನು ನೀವು ಕಂಡಿರಲಾರಿರಿ. ಮನೆಯ ಉಸಿರು ನಿಂತ ಹಾಗಿರುತ್ತದೆ. ಪಕ್ಕದ ಮನೆಯ ಕುಕ್ಕರಿನ ಕೂಗು ಕೂಡ ಕೇಳುತ್ತದೆ. ನಾನು ಕುರ್ಚಿಯಿಂದ ಎದ್ದು, ಕೋಣೆಯಲ್ಲಿ ಅತ್ತ ಇತ್ತ ಒಂದು ಸುತ್ತು ಹಾಕಿ, ಅಕ್ಕನಿಗೆ ಫೋನ್ ಮಾಡಿದೆ.

"ಏನ್ ಕಣ್ಣು, ನಿಂತೋಯ್ತಾ?"

"ಇಲ್ಲಕ್ಕ. ಬಂದ್ಬುಡ್ತು. ಪೂರಾ ಬಂತು."

"ಬಂತಾ! ಪರವಾಗಿಲ್ಲ. ಮತ್ತೆ ಏನು?"

ಏನು? ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೆ. "ಏನೂ ಇಲ್ಲಕ್ಕ. ಸುಮ್ನೆ ಮಾಡ್ದೆ."

ಆಮೇಲೆ ಅವಳ ದನಿ ಬೇರೆಯಾಗಿತ್ತು. "ತರಿ ಸದ್ದೇ ಇಲ್ಲ?"

"ನಿಂತಿದೆ."

"ಮಾಣಿಕ್ಕ ಎಲ್ಲಿ?"

"ಅಂಗಡಿಗೆ ಹೋಗಿದಾರೆ ಅಕ್ಕ, ಸೀರೆ ಕೊಡೋಕೆ."

"ಸರಿ. ಇಡು."

ಇಟ್ಟುಬಿಟ್ಟಳು. ತಕ್ಷಣ ಮಗ್ಗದ ಪಕ್ಕದ ಗೂಡಿನಲ್ಲಿ ನಮ್ಮವರ ಫೋನು ಬಡಿದುಕೊಳ್ಳಲು ಶುರುವಾಯಿತು. ಅವರು ಹೊರಗೆ ಹೋಗುವಾಗ ಮರೆತುಹೋಗುವುದು ಅದೊಂದನ್ನೇ. ಎತ್ತಿದೆ.

"ಮಾಣಿಕ್ಕಾ?"

"ನಾನೇ ಅಕ್ಕ."

"ಅವನ ಫೋನು ನಿನ್ನ ಕೈಯಲ್ಲಿ ಯಾಕಿದೆ?" ಅಂದವಳು ನನ್ನ ಉತ್ತರಕ್ಕೂ ಕಾಯದೆ ಇಟ್ಟಳು. ಮತ್ತೆ ನಾನು ಮಾಡಿದರೆ ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ತೊಂದರೆ ಕೊಟ್ಟೆನೆಂದು ಸಿಟ್ಟಾದಳು ಅಂದುಕೊಂಡೆ. ಅಷ್ಟು ವಯಸ್ಸಾಗಿ, ಏನೂ ಇಲ್ಲದೆ ಒಬ್ಬರಿಗೆ ಫೋನ್ ಮಾಡಿದ್ದಕ್ಕೆ ನಾಚಿಕೆಯಾಯಿತು. ನಮ್ಮವರು ಬಂದರು, ಊಟ ಮಾಡಿದರು, ಹೊಸ ಡಿಸೈನು ಹಾಕಿಕೊಂಡು ಗುಂಡಿಗೆ ಇಳಿದರು. ನಾನು ಅಡಿಗೆಮನೆಯನ್ನು ಅಗತ್ಯಕ್ಕಿಂತ ಹೆಚ್ಚಾಗಿ ತೊಳೆದೆ.

ದೀಪ ಹಚ್ಚುವ ಹೊತ್ತಿಗೆ ಬೀದಿಯ ತುದಿಯಲ್ಲಿ ಇಬ್ಬರು ಬರುತ್ತಿರುವುದು ಕಾಣಿಸಿತು. ಗಂಡಸು ಕಾಲೆಳೆದು ನಡೆಯುತ್ತಿದ್ದಾನೆ, ಹೆಂಗಸು ಅವನಿಗಿಂತ ಮುಂದೆ ಬಂದು ಬಂದು ನಿಲ್ಲುತ್ತಿದ್ದಾಳೆ. ಅವಳ ತಲೆ ಬಾಚಿರಲಿಲ್ಲ. ಎಷ್ಟೋ ಕಾಲದ ಮೇಲೆ ನನ್ನ ಬಾವ, ನನ್ನ ಅಕ್ಕ. ನಮ್ಮ ಮನೆಯ ಎದುರಿಗೆ ಬಂದು, ಜಗಲಿಯಲ್ಲಿ ಜನ ಇಲ್ಲದ್ದು ಕಂಡು, ಒಳಗೆ ಮಗ್ಗ ಬಡಿಯುವುದನ್ನು ಕೇಳಿ ಅಲ್ಲೇ ನಿಂತರು. ಅಕ್ಕ ನನ್ನ ಮುಖ ನೋಡಿದಳು, ಕತ್ತಿನ ತಾಳಿ ನೋಡಿದಳು, ಜಗಲಿಯ ಮೇಲೆ ಕುಸಿದು ಕೂತಳು.

"ಯಾರೂ ಸಾಯ್ಲಿಲ್ವಾ?"

"ಇಲ್ಲಕ್ಕ."

"ಮತ್ತೆ ಸುಮ್ನೆ ಮಾಡ್ದೆ ಅಂದ್ಯಲ್ಲೇ, ಪಾವಿ!"

"ಸುಮ್ನೇ ಮಾಡಿದ್ದು" ಅಂದೆ.

ಅವಳು ಬೈದಳು. ಮೊದಲನೇ ಬಸ್ಸಿಂದ ಅಳುತ್ತಾ ಬಂದದ್ದನ್ನು, ಅವಿನಾಶಿಯಲ್ಲಿ ಇಳಿದು ಬಸ್ಸು ಬದಲಿಸುವಾಗ ಹಾರ ತೆಗೆದುಕೊಳ್ಳೋಣವೇ ಬೇಡವೇ ಅಂತ ಬಾವನ ಜೊತೆ ಜಗಳವಾಡಿದ್ದನ್ನು ಹೇಳಿ ಹೇಳಿ ಬೈದಳು. "ಇವರು ಬೇಡ ಅಂದ್ರು. ನಾನು ವಾಂಗಿದ್ರೆ ಈಗ ಯಾರ ಕತ್ತಿಗೆ ಹಾಕ್ತಿದ್ದೆ, ನಿನ್ನ ಕತ್ತಿಗಾ?" ಸದ್ದು ಕೇಳಿ ನಮ್ಮವರು ಮಗ್ಗ ನಿಲ್ಲಿಸಿ ಹೊರಗೆ ಬಂದರು. ತಮ್ಮನನ್ನು ಕಂಡ ಬಾವ ಅವರ ಭುಜವನ್ನು ಒಂದು ಸಲ ಒತ್ತಿ ನೋಡಿದರು, ಸಂತೆಯಲ್ಲಿ ಕಾಯಿ ಗಟ್ಟಿಯಿದೆಯೇ ಅಂತ ನೋಡುವ ಹಾಗೆ.

"ಏನ್‌ಡಾ, ನಲ್ಲಾ ಇದೀಯಾ?"

"ಇದೀನಣ್ಣ. ಏನು ಇಷ್ಟು ದೂರ?"

"ಸುಮ್ನೆ" ಅಂದರು ಬಾವ, ಹೆಂಡತಿಯ ಕಡೆ ನೋಡದೆ.

ಒಳಗೆ ಬಂದು ಅಕ್ಕ ಮಗ್ಗದ ಮುಂದೆ ನಿಂತಳು. ಅವಳು ಬರೆದ ಡಿಸೈನು ಬಟ್ಟೆಯಾಗುವುದನ್ನು ಅವಳು ನೋಡಿಯೇ ಇರಲಿಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ಪರದೆಯ ಮೇಲೆ ಚೌಕಗಳನ್ನು ಬರೆದು ಕಳಿಸಿದವಳು. ಬೆರಳಿನಿಂದ ಜರಿಯ ಮೇಲೆ ಸವರಿ, "ನನಗೆ ಇನ್ನೂ ದೊಡ್ಡದು ಅನ್ಸಿತ್ತು" ಅಂದಳು. ಆಮೇಲೆ ಕಂಪ್ಯೂಟರಿನ ಕಡೆ ಒಂದು ನೋಟ ನೋಡಿ, ತಗ್ಗಿದ ದನಿಯಲ್ಲಿ, "ಅದು ಸರಿ ಆಗೋದ್ರೆ ಇನ್ನು ನೀನು ಫೋನ್ ಮಾಡಲ್ವಾ?" ಅಂತ ಕೇಳಿದಳು.

"ಮಾಡ್ತೀನಿ. ನೀನು ಬಸ್ ಹತ್ಕೊಂಡು ಬಂದ್ಬಿಟ್ರೆ?"

"ಬಂದ್ರೆ ಸೋರು ಹಾಕು" ಅಂದಳು.

ಹಠಾತ್ತಾಗಿ ಬಂದವರಿಗೆ ನಮ್ಮ ಕಡೆ ಬೇಗ ಆಗುವುದು ಅರಿಸಿಪರುಪ್ಪು ಸೋರು, ಅಂದರೆ ಬೇಳೆ ಹಾಕಿದ ಅನ್ನ. ಅಕ್ಕಿ, ಬೇಳೆ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಎಲ್ಲ ಒಂದೇ ಪಾತ್ರೆಯಲ್ಲಿ. ಮೇಲೆ ತುಪ್ಪ, ಪಕ್ಕಕ್ಕೆ ಸುಟ್ಟ ಅಪ್ಪಳ, ಕೊನೆಗೆ ಮೊಸರು. ಬಾವ ಎರಡನೆಯ ಸಲ ಹಾಕಿಸಿಕೊಂಡರು. ಅಣ್ಣತಮ್ಮಂದಿರು ಜಗಲಿಯಲ್ಲಿ ಚಾಪೆ ಹಾಸಿಕೊಂಡು ನೂಲಿನ ವಿಷಯ ಮಾತಾಡುತ್ತಿದ್ದಾರೆ. ಮಗ್ಗದ ಕೋಣೆಯ ಗೋಡೆಗೆ ಒತ್ತಿ ನಮ್ಮಿಬ್ಬರ ಚಾಪೆ. "ಪಾತ್ರೆ ತೊಳೆದು ಬಾ ಕಣ್ಣು, ಸುಮಾರು ಮಾತಿದೆ. ಅಷ್ಟರಲ್ಲಿ ಸ್ವಲ್ಪ ಕಾಲು ಚಾಚ್ತೀನಿ" ಅಂದಿದ್ದಳು ಅಕ್ಕ. ಬೇಗ ಬೇಗ ತೊಳೆದು ಬಂದೆ. ಎಲ್ಲರಿಗಿಂತ ಮೊದಲು ಅವಳೇ ಮಲಗಿಬಿಟ್ಟಿದ್ದಳು.